ಸರಕು ದಾರಿಯಲ್ಲಿ ಹಾಳಾದರೆ ನಷ್ಟ ಯಾರದು?

ಸಾಗಣೆ ವೆಚ್ಚವನ್ನು ಮಾರಾಟಗಾರನೇ ಕೊಟ್ಟಿರುವಾಗ, ದಾರಿಯಲ್ಲಿ ಆದ ನಷ್ಟವೂ ಅವನದೇ ಅಲ್ಲವೇ ಎಂದು ಕೇಳಿದ್ದೀರಿ. ಹಾಗೇನಿಲ್ಲ. ದುಡ್ಡು ಯಾರು ಕೊಟ್ಟರು ಎನ್ನುವುದು ಬೇರೆ, ಅಪಾಯ ಯಾವಾಗ ಕೈದಾಟುತ್ತದೆ ಎನ್ನುವುದು ಬೇರೆ. ಒಪ್ಪಂದದಲ್ಲಿ ಯಾವ ಇನ್‌ಕೋಟರ್ಮ್ಸ್ ನಿಯಮ (ಖರ್ಚು, ಅಪಾಯ ಎಲ್ಲಿಯವರೆಗೆ ಯಾರದು ಎಂದು ಹೇಳುವ ಅಂತರರಾಷ್ಟ್ರೀಯ ವ್ಯಾಪಾರದ ನಿಯಮ) ಬರೆದಿದೆ ಎಂದು ಮೊದಲು ನೋಡಿ.

ಹೆಚ್ಚು ಜನ ಎಡವುವುದು ಸಿಐಎಫ್‌ನಲ್ಲಿ, ಎಂದರೆ ಬೆಲೆಯಲ್ಲೇ ವಿಮೆ, ಸಾಗಣೆ ಸೇರಿರುವ ನಿಯಮದಲ್ಲಿ. ತಲುಪುವ ಬಂದರಿನವರೆಗೆ ಸಾಗಣೆ, ವಿಮೆ ಎರಡರ ಖರ್ಚೂ ಮಾರಾಟಗಾರನದು. ಆದರೆ ಹೊರಡುವ ಬಂದರಿನಲ್ಲಿ ಸರಕು ಹಡಗೇರಿದ ಕೂಡಲೇ ಅಪಾಯ ಖರೀದಿದಾರನ ಪಾಲಿಗೆ, ಎಫ್‌ಒಬಿಯಲ್ಲಿ (ಹಡಗೇರಿಸುವವರೆಗೆ ಮಾತ್ರ ಖರ್ಚು, ಅಪಾಯ ಮಾರಾಟಗಾರನದು ಎನ್ನುವ ನಿಯಮ) ಆಗುವಂತೆಯೇ. ಆ ವಿಮೆಯೂ ಬೇರೆ ಮಾತಾಗಿರದಿದ್ದರೆ ಕನಿಷ್ಠ ಮಟ್ಟದ ‘ಸಿ’ ಷರತ್ತಿನದು, ಒಪ್ಪಂದದ ಬೆಲೆಯ 110% ಮೊತ್ತಕ್ಕೆ. ಬೆಂಕಿ, ಹಡಗು ಮುಳುಗುವುದು ಅದರಲ್ಲಿ ಸೇರುತ್ತವೆ. ಕಳ್ಳತನ, ಕಂಟೇನರ್‌ಗೆ ಸಮುದ್ರದ ನೀರು ನುಗ್ಗುವುದು ಸೇರುವುದಿಲ್ಲ. ಇವೂ ಸೇರಬೇಕೆಂದರೆ ಖರೀದಿದಾರ ಹೆಚ್ಚು ವ್ಯಾಪ್ತಿಯ ‘ಎ’ ಷರತ್ತಿನ ವಿಮೆ ಬೇಕೆಂದು ಮೊದಲೇ ಬರೆಸಿಕೊಳ್ಳಲೇಬೇಕು.

ಕಂಟೇನರ್ ಸರಕಿಗೆ ಎಫ್‌ಒಬಿ ಬೇಡ. ಟರ್ಮಿನಲ್‌ಗೆ ಒಪ್ಪಿಸಿದ ಮೇಲೆ ಸರಕು ಮಾರಾಟಗಾರನ ಕೈಯಲ್ಲಿರುವುದಿಲ್ಲ, ಹಡಗೇರುವವರೆಗೆ ಅಪಾಯ ಮಾತ್ರ ಅವನ ತಲೆಯ ಮೇಲೇ ಇರುತ್ತದೆ. ಎಫ್‌ಸಿಎ (ಗೊತ್ತುಮಾಡಿದ ಸ್ಥಳದಲ್ಲಿ ಸಾಗಣೆದಾರನಿಗೆ ಒಪ್ಪಿಸುವ ನಿಯಮ) ಆದರೆ ಒಪ್ಪಿಸಿದಲ್ಲಿಗೇ ಅವನ ಅಪಾಯ ಮುಗಿಯಿತು.

ಡಿಎಪಿಯಲ್ಲಿ (ಮಾರಾಟಗಾರನೇ ಸ್ಥಳಕ್ಕೆ ತಲುಪಿಸುವ ನಿಯಮ) ಗೊತ್ತುಮಾಡಿದ ಸ್ಥಳ ತಲುಪಿ ಇಳಿಸಲು ಸಿದ್ಧವಾಗುವವರೆಗೂ ಹೊಣೆ ಮಾರಾಟಗಾರನದು. ಇಳಿಸುವಾಗ ಬಿದ್ದು ಒಡೆದರೆ ಖರೀದಿದಾರನದು.

ಇನ್ನೊಂದು ಮಾತು: ಪ್ಯಾಕಿಂಗ್ ಸರಿಯಿಲ್ಲದೆ ಹಾಳಾಗಿದ್ದರೆ, ಅಪಾಯ ದಾಟಿದ ಮೇಲೂ ಮಾರಾಟಗಾರ ನುಣುಚಿಕೊಳ್ಳುವಂತಿಲ್ಲ.