ಬಿಲ್ಲಿಂಗ್ ತಂತ್ರಾಂಶಕ್ಕಾಗಿ ಪೈಥಾನ್ ಬಿಟ್ಟು ಜಾವಾ ಕಲಿಯಬೇಕೆ?

ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವುದರಿಂದ ಭಾಷೆಯನ್ನೇ ಬದಲಿಸಲು ಹೊರಟಿದ್ದೀರಿ. ದಶಾಂಶ ಸಂಖ್ಯೆಗಳನ್ನಿಡುವ ಜಾವಾದ ಡಬಲ್ ಎಂಬ ಬಗೆಯಲ್ಲಿಯೂ ಇದೇ ಉತ್ತರ ಬರುತ್ತದೆ. ಹೀಗೆಯೇ ಭಾಷೆಯ ಮೇಲೆ ತಪ್ಪು ಹೊರಿಸಿ ನಾನೊಂದು ಕೆಲಸವನ್ನು ಕಳೆದುಕೊಂಡಿದ್ದೇನೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದಕ್ಕೆ ಸಿ ಭಾಷೆಯಲ್ಲಿ ಲೆಕ್ಕದ ತಂತ್ರಾಂಶ ಬರೆದುಕೊಟ್ಟಿದ್ದೆ. ಹಂಗಾಮಿನ ಒಟ್ಟು ವಹಿವಾಟನ್ನು ಕೂಡಿಸುತ್ತ ಹೋಗುವ ವೇರಿಯಬಲ್ಲನ್ನು ಫ್ಲೋಟ್ (ಡಬಲ್‌ಗಿಂತ ಕಡಿಮೆ ನಿಖರತೆಯ ಬಗೆ) ಎಂದು ಬರೆದಿದ್ದೆ, ತಪ್ಪಾದದ್ದು ಅಲ್ಲಿಯೇ. 32 ಬಿಟ್‌ನ ಫ್ಲೋಟ್‌ಗೆ ಇರುವುದು 24 ಬಿಟ್‌ಗಳ ನಿಖರತೆ ಮಾತ್ರ. ಆದ್ದರಿಂದ ಮೊತ್ತ 1,31,072 ರೂಪಾಯಿ ದಾಟಿದೊಡನೆ, ಅದು ಹಿಡಿದಿಡಬಲ್ಲ ಒಂದು ಸಂಖ್ಯೆಗೂ ಮುಂದಿನ ಸಂಖ್ಯೆಗೂ ಒಂದೂವರೆ ಪೈಸೆಗಿಂತ ಹೆಚ್ಚು ಅಂತರವಾಗಿ ಬಿಡಿ ಪೈಸೆಗಳು ತಪ್ಪತೊಡಗುತ್ತವೆ. 1,67,77,216 ತಲುಪಿದ ಮೇಲೆ ಒಂದು ರೂಪಾಯಿ ಕೂಡಿಸಿದರೂ ಮೊತ್ತ ಕದಲುವುದಿಲ್ಲ. 3,35,54,432 ದಾಟಿದರೆ ಅಂತರ ನಾಲ್ಕು ರೂಪಾಯಿ. ನಾನು ಸಾವಿರಗಳ ಮೊತ್ತವನ್ನಷ್ಟೇ ಹಾಕಿ ಪರೀಕ್ಷಿಸಿದ್ದರಿಂದ ಎಲ್ಲವೂ ಸರಿಯಾಗಿ ಕಂಡಿತ್ತು. ಹಂಗಾಮು ಮುಗಿಯುವ ಹೊತ್ತಿಗೆ ಗುಮಾಸ್ತರ ಕಿರ್ದಿಗೂ ಪರದೆಯ ಮೊತ್ತಕ್ಕೂ ತಾಳೆಯಾಗಲಿಲ್ಲ, ಕಿರ್ದಿಯೇ ಸರಿಯಾಗಿತ್ತು. ಸಿ ಭಾಷೆಯದೇ ದೋಷವೆಂದು ತಿಳಿದು ಎಲ್ಲವನ್ನೂ ಜಾವಾದಲ್ಲಿ ಮತ್ತೆ ಬರೆದೆ. ಫ್ಲೋಟ್ ಮಾತ್ರ ಫ್ಲೋಟ್ ಆಗಿಯೇ ಉಳಿದುದರಿಂದ ವ್ಯತ್ಯಾಸವೂ ಉಳಿಯಿತು. ಮಾಲೀಕರು ಬಾಕಿ ಹಣ ಕೊಡಲಿಲ್ಲ. ಅವರು ಮಾಡಿದ್ದು ನ್ಯಾಯವೇ.

ಹತ್ತರಲ್ಲೊಂದು ಭಾಗವು ದ್ವಿಮಾನದಲ್ಲಿ ಎಂದೂ ಮುಗಿಯದ ಭಿನ್ನರಾಶಿ. ಕಂಪ್ಯೂಟರಿನಲ್ಲಿ ದಶಾಂಶ ಸಂಖ್ಯೆಗಳನ್ನು ಇಡುವ ಬಗೆಯನ್ನು ಹೇಳುವ 1985ರ ಐಇಇಇ 754 ಮಾನದಂಡವನ್ನು ಅನುಸರಿಸುವ ಯಾವ ಭಾಷೆಯ ಡಬಲ್ ಕೂಡ ಅದನ್ನು ಸಮೀಪದ ಬೆಲೆಯಾಗಿಯೇ ಇಡುತ್ತದೆ. ಆದುದರಿಂದ ಪೈಥಾನ್ ಬಿಡಬೇಡಿ, ಹಣವನ್ನು ಪೈಸೆಗಳ ಪೂರ್ಣಾಂಕವಾಗಿ ಇಡಿ. ಪೈಥಾನ್‌ನ ಪೂರ್ಣಾಂಕ ಬೇಕಾದಷ್ಟು ಬೆಳೆಯುತ್ತದೆ. ಜಾವಾದ 32 ಬಿಟ್‌ನ ಪೂರ್ಣಾಂಕವಾದ ಇಂಟ್ ಆದರೋ 2,14,74,836 ರೂಪಾಯಿ 47 ಪೈಸೆ ದಾಟಿದರೆ ಯಾವ ಸೂಚನೆಯನ್ನೂ ಕೊಡದೆ ಋಣಸಂಖ್ಯೆಯಾಗುತ್ತದೆ, ಅಲ್ಲಿ 64 ಬಿಟ್‌ನ ಲಾಂಗ್ ಬೇಕೇ ಬೇಕು. ಹತ್ತರ ಮಾನದಲ್ಲೇ ಲೆಕ್ಕ ಮಾಡುವ ಪೈಥಾನ್‌ನ ಡೆಸಿಮಲ್ ಬಳಸುವುದಾದರೆ 0.1 ಅನ್ನು ಸ್ಟ್ರಿಂಗ್ ಆಗಿ, ಅಂದರೆ ಉದ್ಧರಣ ಚಿಹ್ನೆಯೊಳಗಿನ ಪಠ್ಯವಾಗಿ ಕೊಡಿ, ಇಲ್ಲವಾದರೆ ಹಳೆಯ ದೋಷವೇ ಅದರೊಳಗೆ ಸೇರುತ್ತದೆ. ಇನ್ನು ದಲಾಲಿಯ ಶೇಕಡಾವಾರು ಲೆಕ್ಕದಲ್ಲಿ ಭಾಗಾಕಾರ ಮಾಡಲೇಬೇಕಾಗುತ್ತದೆ. ಮಾಲು ವಾಪಸಾದಾಗ ಮೊತ್ತ ಋಣವಾಗುತ್ತದೆ. ಆಗ ಭಾಷೆಗೊಂದು ಉತ್ತರ: -7 ಅನ್ನು 2ರಿಂದ ಪೂರ್ಣಾಂಕವಾಗಿ ಭಾಗಿಸಿದರೆ ಜಾವಾ -3 ಎನ್ನುತ್ತದೆ, ಪೈಥಾನ್‌ನ ಪೂರ್ಣಾಂಕ ಭಾಗಾಕಾರದ ಚಿಹ್ನೆ // -4 ಎನ್ನುತ್ತದೆ. ಅರ್ಧ ಪೈಸೆಯನ್ನು ಯಾರ ಕಡೆಗೆ ಹಾಕಬೇಕೆಂದು ಅಂಗಡಿಯವರನ್ನೇ ಕೇಳಿ, ಆ ನಿಯಮವನ್ನು ಒಂದೇ ಫಂಕ್ಷನ್‌ನಲ್ಲಿ ಬರೆದಿಡಿ.