ಅಕ್ಟೋಬರ್ ಮುಗಿದ ಮೇಲೆ ಆರ್ಸೆನಲ್ ಫುಟ್‌ಬಾಲ್ ಮ್ಯಾಚ್ ಅಲಾರಂ ಒಂದು ಗಂಟೆ ಮೊದಲೇ ಹೊಡೆಯುವುದು ಯಾಕೆ?

ಬಹುಶಃ ತಪ್ಪು ನಿಮ್ಮ ಫೋನಿನದಲ್ಲ, ಇಂಗ್ಲೆಂಡಿನಲ್ಲಿ ಗಡಿಯಾರ ಬದಲಾಗಿದೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹಾಗಾಗಿ ಅಲ್ಲಿ ಶನಿವಾರ ಮಧ್ಯಾಹ್ನ 3ಕ್ಕೆ ಶುರುವಾಗುವ ಆಟ ಆಗಸ್ಟ್‌ನಲ್ಲಿ ನಮಗೆ ಸಂಜೆ 7:30ಕ್ಕೆ, ನವೆಂಬರ್‌ನಲ್ಲಿ ರಾತ್ರಿ 8:30ಕ್ಕೆ. ನೀವು ಆಗಸ್ಟ್‌ನಲ್ಲೇ ಅಲಾರಂ ಇಟ್ಟಿದ್ದೀರಿ ಅಂದುಕೊಂಡು ಹೇಳುತ್ತಿದ್ದೇನೆ.

ಮೊದಲು ಆ ಅಲಾರಂ ತೆಗೆದುಬಿಡಿ. ಆಮೇಲೆ ಫೋನಿನ ಕ್ಯಾಲೆಂಡರ್‌ನಲ್ಲಿ ಪ್ರತಿ ಮ್ಯಾಚ್ ಸೇರಿಸುವಾಗ ಟೈಮ್ ಝೋನ್ ಲಂಡನ್ ಅಂತ ಆರಿಸಿ, ಅಲ್ಲಿನ ಸಮಯವನ್ನೇ ಹಾಕಿ. ಉಳಿದ ಲೆಕ್ಕ ಫೋನೇ ಮಾಡಿಕೊಳ್ಳುತ್ತದೆ. ಮಾರ್ಚ್ ಕೊನೆಯ ಭಾನುವಾರ ಎಲ್ಲ ಉಲ್ಟಾ ಆಗುತ್ತದಲ್ವಾ, ಆಗಲೂ ತೊಂದರೆಯಿಲ್ಲ. ಚಳಿಗಾಲದ 8:30ಕ್ಕೇ ಅಲಾರಂ ಇಟ್ಟು ಹಾಗೇ ಬಿಟ್ಟರೆ ಮಾತ್ರ ಆಗ ಮೊದಲಾರ್ಧ ಪೂರ್ತಿ ತಪ್ಪಿಹೋಗುತ್ತದೆ.

ವಾರದ ನಡುವಿನ ಆಟಕ್ಕೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅಲ್ಲಿ ಬುಧವಾರ ರಾತ್ರಿ 8 ಅಂದರೆ ಚಳಿಗಾಲದಲ್ಲಿ ನಮಗೆ ಗುರುವಾರ ಬೆಳಗಿನ ಜಾವ 1:30. ತಾರೀಖೇ ಬೇರೆ! ಹೀಗೆ ಒಂದು ಒಳ್ಳೆಯ ಆಟ ನನ್ನ ಕೈತಪ್ಪಿದ್ದಕ್ಕೆ ಇವತ್ತಿಗೂ ಬೇಜಾರಿದೆ.

ಟಿವಿ ಪ್ರಸಾರಕ್ಕಾಗಿ ಶನಿವಾರದ ಆಟವನ್ನು ಭಾನುವಾರಕ್ಕೋ ಸೋಮವಾರಕ್ಕೋ ಸರಿಸುವುದೂ ಇದೆ. ವಾರಕ್ಕೊಮ್ಮೆ ಕ್ಲಬ್ಬಿನ ವೆಬ್‌ಸೈಟ್‌ನಲ್ಲಿರುವ ಪಟ್ಟಿ ನೋಡಿ, ಕ್ಯಾಲೆಂಡರ್ ತಿದ್ದಿಕೊಳ್ಳಿ.