‘ದಾರಿಯಲ್ಲಿ ಆನೆ ಇತ್ತು ಸಾರ್’

ಮಗನನ್ನು ಕೊಡಗಿನಲ್ಲಿ ಎಂ.ಎ.ಗೆ ಸೇರಿಸಬಹುದೇ, ಅಲ್ಲಿ ಓದುವವರ ಬದುಕು ಹೇಗಿರುತ್ತದೆ ಎಂದು ಕೇಳಿದ್ದೀರಿ. ಜೊತೆಗೆ ‘ಮಂಜು, ಕಾಫಿ, ತಂಪು, ಓದಲು ಇನ್ನೇನು ಬೇಕು’ ಎಂದೂ ಸೇರಿಸಿದ್ದೀರಿ. ಹೀಗೆ ಹೇಳುವವರೆಲ್ಲ ಜನವರಿಯಲ್ಲಿ ಬಂದು ಹೋಂಸ್ಟೇಯಲ್ಲಿ ಎರಡು ರಾತ್ರಿ ಕಳೆದು ಹೋದವರು ಎಂಬುದು ನನ್ನ ಅನುಮಾನ. ಒಮ್ಮೆ ಜುಲೈಯಲ್ಲಿ ಬನ್ನಿ. ಶೂ ಒಣಗುವುದಿಲ್ಲ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ, ಹೋದ ಕರೆಂಟು ಮೂರನೆಯ ದಿನ ಬಂದರೂ ಪುಣ್ಯ.

ನಾನು ವಿರಾಜಪೇಟೆ ಕಡೆಯವಳು. ತಾತ ಮೈಸೂರು ಸೀಮೆಯಿಂದ ಕಾಫಿ ತೋಟಕ್ಕೆ ರೈಟರ್ ಆಗಿ ಬಂದವರು. ರೈಟರ್ ಎಂದರೆ ಸಾಹಿತಿಯಲ್ಲ, ಆಳುಗಳ ಹಾಜರಿ ಮತ್ತು ಲೆಕ್ಕ ಬರೆಯುವವರು. ನಮ್ಮ ಮನೆಯ ಮಾತು ಕನ್ನಡ, ಪಕ್ಕದ ಮನೆಯದು ಕೊಡವ ತಕ್ಕ್, ಪೇಟೆಯ ಅಂಗಡಿಯದು ಮಲಯಾಳಂ. ಮೂರರಲ್ಲೂ ಜಗಳವಾಡುವಷ್ಟು ಕಲಿತೇ ನಾವು ದೊಡ್ಡವರಾದದ್ದು.

ನಾನು ಓದುವ ಕಾಲಕ್ಕೆ ನಮ್ಮೂರಿಗೆ ಹತ್ತಿರದ ವಿಶ್ವವಿದ್ಯಾಲಯ ಯಾವುದೆಂದು ನಕ್ಷೆ ಬಿಡಿಸಿ ನೋಡಿದರೆ ಕಣ್ಣೂರು ಎಂಬ ಉತ್ತರ ಬರುತ್ತಿತ್ತು. ಮಾಕುಟ್ಟ ಘಟ್ಟ ಇಳಿದು ಕೂಟುಪುಳ ಸೇತುವೆ ದಾಟಿದರೆ ಕೇರಳವೇ. ಆದರೆ ನಮ್ಮ ಜಿಲ್ಲೆಯ ಕಾಲೇಜುಗಳು 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಅದರ ಸ್ನಾತಕೋತ್ತರ ಕೇಂದ್ರವೊಂದು ಕುಶಾಲನಗರದ ಆಚೆ ಚಿಕ್ಕ ಅಳುವಾರದಲ್ಲಿತ್ತಾದರೂ ನನಗೆ ಬೇಕಿದ್ದ ವಿಷಯ ಅಲ್ಲಿರಲಿಲ್ಲ. ಹಾಗಾಗಿ 2017ರಲ್ಲಿ ಮಂಗಳೂರಿನ ಬಳಿಯ ಕೊಣಾಜೆಗೆ, ಆ ವಿಶ್ವವಿದ್ಯಾಲಯದ ಮುಖ್ಯ ಆವರಣಕ್ಕೆ ಹೊರಟೆ. ವಿರಾಜಪೇಟೆಯಿಂದ ಮೊದಲು ಮಡಿಕೇರಿಗೆ ಏರಬೇಕು, ಅಲ್ಲಿಂದ ಸಂಪಾಜೆ ಘಟ್ಟ ಇಳಿಯಬೇಕು, ಸುಳ್ಯ, ಪುತ್ತೂರು ದಾಟಬೇಕು. ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳೆಸುವುದನ್ನೂ ಲೆಕ್ಕಕ್ಕೆ ಹಿಡಿದರೆ ಒಂದು ದಿನ ಮುಗಿದಂತೆಯೇ.

ಮೊದಲ ರಾತ್ರಿ ಹಾಸ್ಟೆಲ್‌ನಲ್ಲಿ ಕಂಬಳಿ ಬಿಚ್ಚಿದಾಗ ಕೋಣೆಯ ಹುಡುಗಿಯರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಆ ಸೆಕೆಯಲ್ಲಿ ಫ್ಯಾನಿನ ಕೆಳಗೆ ಯಾರು ಮಲಗುವುದು ಎಂಬುದಕ್ಕೇ ಪೈಪೋಟಿ! ಕುಚ್ಚಲಕ್ಕಿ ಅನ್ನಕ್ಕೆ ಒಗ್ಗಿಕೊಳ್ಳಲು ಒಂದು ಸೆಮಿಸ್ಟರ್ ಬೇಕಾಯಿತು. ತುಳು ಕಲಿಯಲು ಅಷ್ಟೂ ಬೇಕಾಗಲಿಲ್ಲ. ಕೊಡಗಿನವಳು ಎಂದೊಡನೆ ‘ಹಾಗಾದರೆ ಕೊಡವರಾ, ಎಷ್ಟು ಎಕರೆ ತೋಟ ಇದೆ’ ಎನ್ನುತ್ತಿದ್ದರು. ಲೆಕ್ಕ ಬರೆಯುವವರ ಮೊಮ್ಮಗಳು ಎಂದರೆ ಅವರ ಮುಖ ಸ್ವಲ್ಪ ಸಪ್ಪಗಾಗುತ್ತಿತ್ತು.

ಆನೆಯ ವಿಷಯಕ್ಕೆ ಬರುತ್ತೇನೆ. ಊರಿನಲ್ಲಿ ಪದವಿ ಓದುವಾಗ ಮೊದಲ ತರಗತಿಗೆ ತಡವಾದರೆ ‘ದಾರಿಯಲ್ಲಿ ಆನೆ ಇತ್ತು ಸಾರ್’ ಎಂದರೆ ಸಾಕಿತ್ತು. ಮೇಷ್ಟ್ರು ‘ಯಾವ ಕಡೆ? ಒಂಟಿಯೋ ಹಿಂಡೋ?’ ಎಂದು ವಿಚಾರಿಸಿ ಹಾಜರಿ ಹಾಕುತ್ತಿದ್ದರು. ಅವರೂ ಅದೇ ದಾರಿಯಲ್ಲಿ ಮನೆಗೆ ಹೋಗಬೇಕಲ್ಲ. ರಜೆ ಮುಗಿಸಿ ಕೊಣಾಜೆಗೆ ಒಂದು ದಿನ ತಡವಾಗಿ ಹೋದಾಗ ಅದೇ ಮಾತು ಹೇಳಿದೆ. ಬೆಳಗಿನ ಬಸ್ ತಪ್ಪಿದ್ದು ನಿಜವಾಗಿಯೂ ಆನೆಯಿಂದಲೇ. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಆ ದಿನದ ಹಾಜರಿಯೂ ಹೋಯಿತು.

2018ರ ಆಗಸ್ಟ್‌ನಲ್ಲಿ ಮಾತ್ರ ಯಾರೂ ನಗಲಿಲ್ಲ. ಜೋಡುಪಾಲ, ಮದೆನಾಡು ಕಡೆ ಗುಡ್ಡಗಳು ಕುಸಿದು ಸಂಪಾಜೆ ರಸ್ತೆ ಮುಚ್ಚಿತು. ಹಾಸ್ಟೆಲ್‌ನಲ್ಲಿದ್ದ ಕೊಡಗಿನ ಹುಡುಗಿಯರು ರಾತ್ರಿಯಿಡೀ ಫೋನ್ ಒತ್ತುತ್ತಿದ್ದೆವು, ಆ ಕಡೆ ರಿಂಗ್ ಕೂಡ ಆಗುತ್ತಿರಲಿಲ್ಲ. ನಮ್ಮ ಮನೆಗೆ ಏನೂ ಆಗಿರಲಿಲ್ಲ. ಮಕ್ಕಂದೂರು ಕಡೆಯ ಗೆಳತಿಯ ಮನೆ ಉಳಿಯಲಿಲ್ಲ. ಆ ಸೆಮಿಸ್ಟರ್ ಅವಳು ಏನು ಓದಿದಳೋ, ಹೇಗೆ ಪರೀಕ್ಷೆ ಬರೆದಳೋ, ನಾವು ಕೇಳಲಿಲ್ಲ.

ಆ ವರ್ಷ ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ರಜೆಗೆ ಹೊರಟಾಗ ಅಮ್ಮ ಸಂಪಾಜೆ ದಾರಿ ಬೇಡವೇ ಬೇಡ ಎಂದು ಹಟ ಹಿಡಿದರು. ಮಂಗಳೂರಿನಲ್ಲಿ ರೈಲು ಹತ್ತಿ, ತಲಶ್ಶೇರಿಯಲ್ಲಿ ಇಳಿದು, ಇರಿಟ್ಟಿ ಮೂಲಕ ಬಸ್‌ನಲ್ಲಿ ಮಾಕುಟ್ಟ ಘಟ್ಟ ಏರಿ ಮನೆ ಸೇರಿದೆ. ಕರ್ನಾಟಕದ ಒಂದು ಜಿಲ್ಲೆಯಿಂದ ಪಕ್ಕದ ಜಿಲ್ಲೆಗೆ ಕೇರಳದ ಮೇಲೆ ಹಾದು ಬಂದೆ! ಆ ಘಟ್ಟದಲ್ಲೂ ಅದೇ ವರ್ಷದ ಜೂನ್‌ನಲ್ಲಿ ಗುಡ್ಡ ಜರಿದಿತ್ತು ಎಂಬುದನ್ನು ಅಮ್ಮನಿಗೆ ನೆನಪಿಸಲು ಹೋಗಲಿಲ್ಲ.

ಈಗ ಕಾಲ ಬದಲಾಗಿದೆ. 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು, ಆ ಹಳೆಯ ಚಿಕ್ಕ ಅಳುವಾರದ ಕೇಂದ್ರದಲ್ಲೇ. ಅಣ್ಣನ ಮಗಳು ಅಲ್ಲಿ ಓದುತ್ತಿದ್ದಾಳೆ. ಘಟ್ಟ ಇಳಿಯುವ ಕಷ್ಟ ಅವಳಿಗಿಲ್ಲ. ಬಸ್ಸಿನ ಕಷ್ಟ ಹಾಗೆಯೇ ಇದೆ: ವಿರಾಜಪೇಟೆಯಿಂದ ಸಿದ್ದಾಪುರ, ಅಲ್ಲಿಂದ ಕುಶಾಲನಗರ, ಅಲ್ಲಿಂದ ಮುಂದಕ್ಕೆ ಇನ್ನೊಂದು. ಸಂಜೆಯ ಒಂದು ಬಸ್ ತಪ್ಪಿದರೆ ಉಳಿದೆರಡೂ ತಪ್ಪಿದಂತೆ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ, ಇಲ್ಲವೇ ಹಳೆಯವುಗಳ ಜೊತೆ ಸೇರಿಸುವ ಮಾತು ಸರ್ಕಾರದ ಮಟ್ಟದಲ್ಲಿ ಎದ್ದಾಗ ಅವಳು ಫೋನ್ ಮಾಡಿ, ‘ಅತ್ತೆ, ನನ್ನ ಅಂಕಪಟ್ಟಿಯ ಮೇಲೆ ಕೊನೆಗೆ ಯಾವ ಊರಿನ ಹೆಸರು ಇರುತ್ತದೆ?’ ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ.

ಖರ್ಚಿನ ಬಗ್ಗೆ ಕೇಳಿದ್ದೀರಿ. ನಿಮಗೆ ತಿಂಗಳ ಸಂಬಳ ಇದ್ದರೆ ಚಿಂತೆಯಿಲ್ಲ. ಇಲ್ಲಿನ ಸಣ್ಣ ಬೆಳೆಗಾರರಿಗೆ ಶುಲ್ಕ ಕಟ್ಟುವ ಕಾಲ ಮಳೆಗಾಲ, ಕಾಫಿ ಮಾರಿದ ದುಡ್ಡು ಕೈ ಸೇರುವುದು ಜನವರಿ ದಾಟಿದ ಮೇಲೆ. ನಡುವಿನ ತಿಂಗಳುಗಳಲ್ಲಿ ವ್ಯಾಪಾರಿಯ ಬಳಿ ಮುಂಗಡ ತರುತ್ತಾರೆ. ಸೆಮಿಸ್ಟರ್ ಪರೀಕ್ಷೆಯೂ ಕಾಫಿ ಕೊಯ್ಲೂ ಒಟ್ಟಿಗೇ ಬಂದರೆ ಬೆಳಿಗ್ಗೆ ಕಣದಲ್ಲಿ ಕಾಫಿ ಹರವಿ, ಮಧ್ಯಾಹ್ನ ಪರೀಕ್ಷೆಗೆ ಕೂರುವ ಹುಡುಗರು ನಿಮ್ಮ ಮಗನ ಬೆಂಚಿನಲ್ಲೇ ಇರುತ್ತಾರೆ. ಅವರ ಉಗುರಿನ ಕಪ್ಪು ಬಣ್ಣ ಕಂಡು ಏನೂ ಕೇಳದಿರಲು ಹೇಳಿ.

ಹತ್ತಿರದ ರೈಲು ನಿಲ್ದಾಣ ಎಂದೂ ಬರೆದಿದ್ದೀರಿ. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ. ಮೈಸೂರಿನಲ್ಲಿ ಇಳಿದು ಮಡಿಕೇರಿ ಬಸ್ ಹತ್ತಿ, ಕುಶಾಲನಗರದಲ್ಲೇ ಇಳಿಯಿರಿ. ನಿದ್ದೆ ಹತ್ತಿ ಮಡಿಕೇರಿಗೆ ಹೋಗಿಬಿಟ್ಟರೆ ನಿಮಗೆ ಬೇಕಾದ ಮಂಜೇನೋ ಸಿಕ್ಕೀತು, ಪ್ರವೇಶದ ಅರ್ಜಿ ಕೊಡುವ ಹೊತ್ತು ಮೀರಿರುತ್ತದೆ.